ಕೇಳದವರಿಗೆ ಹೇಳದ ರಜೆ

ನಮ್ಮ ಫ್ಯಾನ್ ಕಾರ್ಖಾನೆಯಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಪೇಂಟಿಂಗ್ ವಿಭಾಗದ ಕೊನೆಯ ಕೆಲಸಗಾರನವರೆಗೆ ಎಲ್ಲರೂ ಅವಳನ್ನು ಫಾರಂ ಅಕ್ಕ ಎಂದೇ ಕರೆಯುತ್ತಿದ್ದರು. ರಜೆ ಬೇಕಾದವರು ಅವಳ ಮೇಜಿನ ಮುಂದೆ ಬಂದು ನಿಲ್ಲಲೇಬೇಕಿತ್ತು. ಆಡಳಿತ ವಿಭಾಗದ ಉದ್ದನೆಯ ಕೋಣೆಯಲ್ಲಿ ಕಿಟಕಿಯ ಪಕ್ಕ ಅವಳ ಮೇಜು, ಅದರ ಎದುರಿಗೆ ನನ್ನದು. ಅವಳು ರಜೆ ನೋಡಿಕೊಂಡರೆ ನಾನು ಹಾಜರಿ ನೋಡಿಕೊಳ್ಳುತ್ತಿದ್ದೆ. ಹತ್ತೊಂಬತ್ತು ವರ್ಷ ಹಾಗೆ ಮುಖಕ್ಕೆ ಮುಖ ಕೊಟ್ಟು ಕೂತವರು ನಾವು. ಅವಳ ಮಗಳ ಪರೀಕ್ಷೆಯಿಂದ ಹಿಡಿದು ನನ್ನ ಅತ್ತೆಯ ಸಿಟ್ಟಿನವರೆಗೆ ನಮ್ಮಿಬ್ಬರ ನಡುವೆ ಗುಟ್ಟೆಂಬುದು ಉಳಿದಿರಲಿಲ್ಲ. ಅದಕ್ಕೇ ಅವಳ ಕಥೆಯನ್ನು ನಾನು ಹೇಳಬಹುದು ಎಂದುಕೊಂಡಿದ್ದೇನೆ. ನಾನು ಹೇಳಬಾರದು ಎನ್ನುವುದಕ್ಕೂ ಒಂದು ಕಾರಣವಿದೆ, ಅದು ಮುಂದೆ ಬರುತ್ತದೆ.

ರಜೆ ಕೇಳುವುದೆಂದರೆ ಬಹಳ ಜನಕ್ಕೆ ತಪ್ಪು ಒಪ್ಪಿಕೊಂಡಷ್ಟೇ ಸಂಕೋಚ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಗಂಟಲು ಹರಿಯುವ ಹಾಗೆ ಮಾತಾಡುವವರು ಅವಳ ಮುಂದೆ ಬಂದು ಉಗುಳು ನುಂಗುತ್ತಿದ್ದರು. ಅವರ ಚೀಟಿಗಳನ್ನು ಓದಿ ನಾವಿಬ್ಬರೂ ಎಷ್ಟೋ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ. 'ನಾಳೆ ಮತ್ತು ನಾಡಿದ್ದು ನನಗೆ ಜ್ವರ ಇರುವುದರಿಂದ' ಎಂದು ಒಬ್ಬ ಬರೆದಿದ್ದ. ಜೋಡಣೆ ವಿಭಾಗದ ಇನ್ನೊಬ್ಬ ಮೂರನೆಯ ಸಲ ಅಜ್ಜಿಯ ಸಾವಿಗೆ ರಜೆ ಕೇಳಿದಾಗ ಅವಳು ಕನ್ನಡಕ ಮೇಲೆ ಸರಿಸಿ, "ಇದು ಯಾವ ಅಜ್ಜಿನಪ್ಪಾ? ಅಮ್ಮನ ಕಡೆಯೋರನ್ನ ಹೋದ ವರ್ಷ ಕಳಿಸಿದ್ವಿ, ಅಪ್ಪನ ಕಡೆಯೋರು ಅದರ ಹಿಂದಿನ ವರ್ಷಾನೇ ಹೋದ್ರು" ಎಂದಳು. ಅವನು ಸ್ವಲ್ಪವೂ ತಡವರಿಸದೆ, "ಅಜ್ಜಿಯ ತಂಗಿ ಅಕ್ಕ. ನೋಡೋಕೆ ಒಂದೇ ಥರ" ಎಂದ. ಅವಳು ರಜೆ ಕೊಡಿಸಿದಳು. ಅಷ್ಟು ಚೆನ್ನಾಗಿ ಉತ್ತರ ಕೊಟ್ಟವನಿಗೆ ಒಂದು ದಿನ ಸಿಗಲಿ ಬಿಡು ಎಂದಳು ನನ್ನ ಹತ್ತಿರ.

ನಿಜವಾದ ಕಷ್ಟ ಮಾತ್ರ ಅವಳಿಗೆ ಚೀಟಿ ಓದುವ ಮೊದಲೇ ಗೊತ್ತಾಗುತ್ತಿತ್ತು. ಅಂಥವರನ್ನು ಕೂರಿಸಿ, 'ಮನೆಯ ತೊಂದರೆ' ಎಂದಷ್ಟೇ ಬರೆದದ್ದನ್ನು ಬಿಡಿಸಿ ಬರೆಸುತ್ತಿದ್ದಳು. ಯಾರಿಗೆ ಕಾಯಿಲೆ, ಯಾವ ವೈದ್ಯರು, ಎಷ್ಟು ದಿನ. ಹಾಗೆ ಬರೆದರೆ ಸಾಹೇಬರು ಇಲ್ಲ ಎನ್ನುವುದು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಕೋಣೆಯ ಕೊನೆಯ ಅರ್ಧಗಾಜಿನ ಬಾಗಿಲ ಹಿಂದೆ ಕೂರುತ್ತಿದ್ದ ನಮ್ಮ ಆಡಳಿತಾಧಿಕಾರಿಗಳೇ ಸಾಹೇಬರು. ಅವರು ಕೆಟ್ಟವರು ಎಂದು ನಾನು ಹೇಳಲಾರೆ. ಯಾರ ಮೇಲೂ ದನಿ ಏರಿಸಿದವರಲ್ಲ. ಫಾರಂ ಅಕ್ಕನ ಮಗಳಿಗೆ ಒಂಬತ್ತನೆಯ ವಯಸ್ಸಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆದಾಗ ಅವಳ ಹೆಸರಿನಲ್ಲಿ ಒಂದೇ ಒಂದು ರಜೆ ಉಳಿದಿರಲಿಲ್ಲ. ಸಾಹೇಬರು ಕಾಗದ ಪತ್ರ ಯಾವುದೂ ಇಲ್ಲದೆ, "ಹೋಗಿ, ಮಗೂನ ನೋಡ್ಕೊಳ್ಳಿ. ಇಲ್ಲಿದು ನಾನು ನೋಡ್ಕೊಳ್ತೀನಿ" ಎಂದು ಹನ್ನೆರಡು ದಿನ ಕಳಿಸಿಕೊಟ್ಟಿದ್ದರು. ಅದನ್ನು ಅವಳು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ.

ಇದಾಗಿ ನಾಲ್ಕು ವರ್ಷದ ಮೇಲೆ ಮುಖ್ಯ ಕಚೇರಿಯಿಂದ ಹೊಸ ನಿಯಮ ಬಂತು. ಕುಟುಂಬ ಆರೈಕೆ ರಜೆ ಎಂದು ಅದರ ಹೆಸರು. ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ, ಇವರಲ್ಲಿ ಯಾರಿಗಾದರೂ ಗಂಭೀರ ಕಾಯಿಲೆ ಬಂದರೆ ನೌಕರನು ವರ್ಷದಲ್ಲಿ ಹನ್ನೆರಡು ವಾರ ರಜೆ ಪಡೆಯಬಹುದು. ಸಂಬಳ ಇರುವುದಿಲ್ಲ, ಆದರೆ ಕೆಲಸಕ್ಕೆ ಕುತ್ತು ಬರುವಂತಿಲ್ಲ. ಕಂಪನಿಯ ಮನೆಯಲ್ಲಿ ಇರುವವರು ಮನೆ ಬಿಡಬೇಕಿಲ್ಲ, ವೈದ್ಯಕೀಯ ಸೌಲಭ್ಯ ನಿಲ್ಲುವುದಿಲ್ಲ. ಒಟ್ಟಿಗೇ ತೆಗೆದುಕೊಳ್ಳಬಹುದು, ಇಲ್ಲವೇ ಒಂದೊಂದು ದಿನ, ಅರ್ಧರ್ಧ ದಿನ ಬಿಡಿಬಿಡಿಯಾಗಿಯೂ ತೆಗೆದುಕೊಳ್ಳಬಹುದು. ಎರಡು ಪುಟದ ಫಾರಂ, ಹದಿನೈದು ದಿನದೊಳಗೆ ವೈದ್ಯರ ಪ್ರಮಾಣಪತ್ರ, ಅಷ್ಟೇ. ನಿಯಮದ ಪುಸ್ತಕದ ಜೊತೆಗೆ ಸೂಚನಾ ಫಲಕಕ್ಕೆ ಅಂಟಿಸಲು ಒಂದು ದೊಡ್ಡ ಹಾಳೆಯೂ ಬಂದಿತ್ತು.

ಸಾಹೇಬರು ನಮ್ಮಿಬ್ಬರನ್ನೂ ಒಳಗೆ ಕರೆದರು. ಹಾಳೆಯನ್ನು ಮಡಿಸಿ ನಮ್ಮ ಕೋಣೆಯ ಬೀರುವಿನಲ್ಲಿ ಇಡಿಸಿದರು.

"ಕೇಳಿದೋರಿಗೆ ಕೊಡೋಣ. ಕೇಳದೋರಿಗೆ ನಾವಾಗಿ ಹೇಳೋದು ಬೇಡ. ಈ ಜನಕ್ಕೆ ಗೊತ್ತಾದ್ರೆ ಎಲ್ಲರ ಮನೇಲೂ ಕಾಯಿಲೆ ಶುರುವಾಗುತ್ತೆ" ಎಂದರು.

ನಾವು ಹೂಂ ಎಂದೆವು. ಬೇಸಿಗೆಯ ದೊಡ್ಡ ಆರ್ಡರ್ ತಲೆಯ ಮೇಲಿತ್ತು. ಮೂರು ಅಜ್ಜಿಯರನ್ನು ಕಳಿಸಿದವನ ನೆನಪಾಗಿ ನನಗೆ ನಗುವೂ ಬಂತು.

ಇನ್ನು ಮೇಷ್ಟ್ರ ವಿಷಯ. ಅವರು ಓದಿದ್ದು ಏಳನೆಯ ತರಗತಿ. ಆದರೆ ವೈಂಡಿಂಗ್ ವಿಭಾಗಕ್ಕೆ ಹೊಸದಾಗಿ ಬಂದವರಿಗೆಲ್ಲ ತಾಮ್ರದ ತಂತಿ ಸುತ್ತುವುದನ್ನು ಕಲಿಸುತ್ತಿದ್ದವರು ಅವರೇ ಆದ್ದರಿಂದ ಎಲ್ಲರಿಗೂ ಮೇಷ್ಟ್ರು ಆಗಿದ್ದರು. ಫ್ಯಾನಿನ ಹೊಟ್ಟೆಯೊಳಗಿನ ಸುರುಳಿ ಅವರು ಸುತ್ತಿದ್ದಾದರೆ ತಪಾಸಣೆ ಮಾಡುವವರು ಸುಮ್ಮನೆ ಮುದ್ರೆ ಒತ್ತಿ ಮುಂದೆ ಕಳಿಸುತ್ತಿದ್ದರು ಎನ್ನುವ ಮಾತಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸು. ಕಂಪನಿಯ ಮನೆಗಳ ಸಾಲಿನಲ್ಲಿ ಕೊನೆಯ ಮನೆ. ಹೆಂಡತಿ, ಶಾಲೆಗೆ ಹೋಗುವ ಒಬ್ಬ ಮಗಳು. ಮಾತು ಕಡಿಮೆ. ರಜೆ ಹಾಕಿದ್ದೂ ಕಡಿಮೆ. ಹಾಗಾಗಿ ಅವರು ನಮ್ಮ ಕೋಣೆಗೆ ಬಂದದ್ದೇ ಅಪರೂಪ.

ಹೊಸ ನಿಯಮ ಬಂದ ಮರುವರ್ಷ ಅವರ ಹೆಂಡತಿಯ ಎರಡೂ ಮೂತ್ರಪಿಂಡ ಕೆಟ್ಟವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಎರಡು ಬಸ್ಸು ಬದಲಾಯಿಸಿ ಹೋಗಬೇಕು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದ ಮೇಲೆ ಆಕೆಗೆ ಒಬ್ಬಳೇ ಮೆಟ್ಟಿಲಿಳಿಯುವ ಶಕ್ತಿಯೂ ಇರುತ್ತಿರಲಿಲ್ಲ. ಮೇಷ್ಟ್ರು ಬೆಳಗ್ಗೆ ಕರೆದುಕೊಂಡು ಹೋಗಿ, ಮನೆಗೆ ತಂದು ಮಲಗಿಸಿ, ಎರಡು ಗಂಟೆಯ ಹೊತ್ತಿಗೆ ಓಡುತ್ತ ಕಾರ್ಖಾನೆಗೆ ಬರುತ್ತಿದ್ದರು. ಆ ದಿನಗಳಿಗೆ ಒಂದೊಂದಾಗಿ ಚೀಟಿ ಕೊಡುತ್ತಿದ್ದರು. ಎಲ್ಲದರಲ್ಲೂ ಅದೇ ಸಾಲು: 'ನಮ್ಮ ಮನೆಯವರಿಗೆ ಹುಷಾರಿಲ್ಲದ ಕಾರಣ.' ಆಸ್ಪತ್ರೆಯ ಚೀಟಿಯನ್ನು ಗುಂಡುಪಿನ್ನಿನಿಂದ ಅಚ್ಚುಕಟ್ಟಾಗಿ ಸೇರಿಸಿರುತ್ತಿದ್ದರು.

ಮೂರು ತಿಂಗಳಿಗೆ ಅವರ ರಜೆಗಳೆಲ್ಲ ಮುಗಿದವು. ಆಮೇಲೆ ಅರ್ಧ ದಿನ ತಡವಾಗಿ ಬಂದದ್ದನ್ನೆಲ್ಲ ಗೈರುಹಾಜರಿ ಎಂದು ಗುರುತು ಹಾಕಬೇಕಾಯಿತು. ಹಾಕಿದವಳು ನಾನು. ತಿಂಗಳ ಕೊನೆಗೆ ಗೈರುಹಾಜರಾದವರ ಪಟ್ಟಿ ಮಾಡಿ ಸಾಹೇಬರಿಗೆ ಕೊಟ್ಟವಳೂ ನಾನೇ. ಮೇಷ್ಟ್ರಿಗೆ ನೋಟಿಸು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹೋದರೆ ಕೆಲಸದಿಂದ ತೆಗೆಯಬಹುದು ಎಂದು ಅದರಲ್ಲೇ ಬರೆದಿತ್ತು.

ಹೊಸ ನಿಯಮ ಇಂಥವರಿಗೆಂದೇ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು. ವಾರಕ್ಕೆ ಎರಡು ಅರ್ಧ ದಿನ ಎಂದರೆ ವರ್ಷವಿಡೀ ಸಾಕಾಗಿ ಮಿಗುತ್ತಿತ್ತು. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಅವಳು, ಸಾಹೇಬರ ಹತ್ತಿರ ಒಂದು ಮಾತು ಕೇಳಲಾ ಎಂದಳು. ಕೇಳು ಎಂದು ನಾನು ಹೇಳಬೇಕಿತ್ತು. ಅವರಾಗಿ ಕೇಳಲಿ ಬಿಡು, ಹೇಗೂ ಕೇಳುತ್ತಾರೆ ಎಂದೆ. ಅವಳು ಕೇಳಲಿಲ್ಲ. ಆ ವರ್ಷ ಅವಳ ಬಡ್ತಿಯ ಕಡತ ಸಾಹೇಬರ ಮೇಜಿನ ಮೇಲಿತ್ತು ಎನ್ನುವುದು ನಿಜ. ಆದರೆ ಅವಳ ಬಾಯಿ ಕಟ್ಟಿದ್ದು ಬಡ್ತಿಯಲ್ಲ, ಆ ಹನ್ನೆರಡು ದಿನ. ತನ್ನ ಮಗಳ ಹಾಸಿಗೆಯ ಪಕ್ಕ ಕೂರಲು ಬಿಟ್ಟ ಮನುಷ್ಯನ ಮಾತು ಮೀರುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲ.

ಒಂದು ಬುಧವಾರ ಬೆಳಗ್ಗೆ ಹತ್ತೂವರೆಗೆ ಮೇಷ್ಟ್ರು ಬಂದರು. ಕೆಲಸದ ನೀಲಿ ಅಂಗಿ, ಬೆರಳುಗಳಿಗೆ ವಾರ್ನಿಶ್ ಮೆತ್ತಿತ್ತು. ಕೈಯಲ್ಲಿ ಗೆರೆ ಎಳೆದ ಒಂದು ಹಾಳೆ. ಅದು ರಾಜೀನಾಮೆ. ಅವಳು ಓದುತ್ತಿರುವಾಗ ಅವರು ಮೇಜಿನ ಅಂಚನ್ನೇ ನೋಡುತ್ತ ನಿಂತಿದ್ದರು. ಮೂರನೆಯ ನೋಟಿಸು ಬಂದು ಕೆಲಸದಿಂದ ತೆಗೆಸಿಕೊಂಡು ಹೋಗುವುದಕ್ಕಿಂತ ತಾವಾಗಿಯೇ ಬಿಡುವುದು ಮರ್ಯಾದೆ ಎಂದು ಅವರು ತೀರ್ಮಾನಿಸಿದ್ದರು.

ಅವಳು ಓದಿ ಮುಗಿಸಿದ ಮೇಲೆ ಅವರು ಮೆಲ್ಲಗೆ, "ಬೇರೆ ಏನಾದ್ರೂ ದಾರಿ ಇದೆಯಾ ಅಕ್ಕ?" ಎಂದರು.

ಕೇಳಿಯೇಬಿಟ್ಟರು. ನಾನು ಎದುರಿನ ಮೇಜಿನಿಂದ ತಲೆಯೆತ್ತಿ ನೋಡಿದೆ. ಅವಳ ತುಟಿ ಅಲುಗಿತು. ಅವಳ ಕಣ್ಣು ಗಾಜಿನ ಬಾಗಿಲ ಕಡೆ ಹೋಯಿತು. ಸಾಹೇಬರು ಫೋನಿನಲ್ಲಿ ಮಾತಾಡುತ್ತಿದ್ದರು, ನಮ್ಮ ಕಡೆ ಬೆನ್ನು ಹಾಕಿದ್ದರು. ನೋಡುತ್ತಲೂ ಇರಲಿಲ್ಲ.

"ನಿಮ್ಮ ರಜೆ ಎಲ್ಲ ಮುಗಿದಿದೆ ಮೇಷ್ಟ್ರೇ" ಎಂದಳು ಅವಳು.

ಸುಳ್ಳಲ್ಲ. ಅವರ ಹೆಸರಿನಲ್ಲಿದ್ದ ರಜೆ ಎಲ್ಲ ಮುಗಿದಿತ್ತು. ಮೇಷ್ಟ್ರು ತಲೆಯಾಡಿಸಿದರು. ಅವಳು ಎಂದಿನಂತೆ ಕಾಗದವನ್ನು ತಿದ್ದಿದಳು. 'ಮನೆಯ ಪರಿಸ್ಥಿತಿಯಿಂದಾಗಿ' ಎಂದು ಅವರು ಬರೆದಿದ್ದರು. ಹಾಗಿದ್ದರೆ ಕಚೇರಿಯಲ್ಲಿ ಪ್ರಶ್ನೆ ಬರುತ್ತದೆ, ಬಾಕಿ ಕಾಗದಪತ್ರ ಆಗುವುದು ತಡವಾಗುತ್ತದೆ ಎಂದು ಹೇಳಿ, 'ಸ್ವಂತ ಇಚ್ಛೆಯಿಂದ' ಎಂದು ಬರೆಸಿದಳು. ಅದನ್ನು ಅವರಿಗೆ ಒಳ್ಳೆಯದಾಗಲಿ ಎಂದೇ ಮಾಡಿದಳು. ಅವರು ಹೊಸ ಹಾಳೆಯಲ್ಲಿ ದುಂಡಗೆ ಬರೆದು, ಸಹಿ ಹಾಕಿ, ಪೆನ್ನನ್ನು ಹಿಂದಿರುಗಿಸಿ ಹೋದರು.

ಬೇಸಿಗೆ ಕಳೆದ ಮೇಲೆ ಮೇಷ್ಟ್ರು ಕಂಪನಿಯ ಮನೆ ಖಾಲಿ ಮಾಡಿದರು. ಮಗಳ ಶಾಲೆಯೂ ಬದಲಾಯಿತು ಎಂದು ಕೇಳಿದೆವು. ಅವಳಿಗೆ ಬಡ್ತಿ ಬಂತು. ಎಲ್ಲರಿಗೂ ಸಿಹಿ ಹಂಚಿದಳು. ವೈಂಡಿಂಗ್ ವಿಭಾಗಕ್ಕೆ ಮಾತ್ರ ತಾನು ಹೋಗದೆ ಜವಾನನ ಕೈಯಲ್ಲಿ ಕಳಿಸಿದಳು. ನಮ್ಮಿಬ್ಬರ ನಡುವೆ ಮೇಷ್ಟ್ರ ಮಾತು ಬಂದಾಗಲೆಲ್ಲ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಅವರು ಆ ರಜೆಯ ಹೆಸರು ಹೇಳಿ ಕೇಳಲಿಲ್ಲವಲ್ಲ ಎಂದು ಅವಳು. ಕೇಳಿದ್ದರೆ ಕೊಡುತ್ತಿದ್ದೆವಲ್ಲ ಎಂದು ನಾನು.

ಕೆಲಸ ಬಿಟ್ಟ ಹನ್ನೊಂದನೆಯ ತಿಂಗಳಲ್ಲಿ ಮೇಷ್ಟ್ರ ಹೆಂಡತಿ ತೀರಿಕೊಂಡರು. ವೈಂಡಿಂಗ್ ವಿಭಾಗದವರು ವ್ಯಾನು ಮಾಡಿಕೊಂಡು ಹೋಗಿಬಂದರು. ನಾವು ತಿಂಗಳ ಕೊನೆಯ ಕೆಲಸ ಇದೆ ಎಂದು ಉಳಿದೆವು. ಮಾರನೆಯ ದಿನ ನಾನು ಕೋಣೆಗೆ ಬರುವಷ್ಟರಲ್ಲಿ ಅವಳು ನಿಯಮದ ಪುಸ್ತಕ ತೆರೆದು ಕೂತಿದ್ದಳು. ಒಂದು ಪುಟದ ಮೇಲೆ ಬೆರಳಿಟ್ಟು, ಓದು ಎಂದಳು. ನಾನು ಓದಿದೆ. 'ನೌಕರನು ಈ ರಜೆಯ ಹೆಸರು ಹೇಳಿ ಕೇಳಬೇಕಾದ ಅಗತ್ಯವಿಲ್ಲ. ಕಾರಣವನ್ನು ತಿಳಿಸಿದರೆ ಸಾಕು. ಆತನಿಗೆ ಈ ರಜೆಯ ಅರ್ಹತೆ ಇದೆಯೆಂದು ತಿಳಿಸುವುದು ಕಚೇರಿಯ ಕರ್ತವ್ಯ.'

"ಇದನ್ನ ನಾನು ಮೊದಲೇ ಓದಿದ್ದೆ ಕಣೆ" ಎಂದಳು. "ಪುಸ್ತಕ ಬಂದ ವಾರಾನೇ ಓದಿದ್ದೆ."

ನಾನೂ ಓದಿದ್ದೆ. ಆದರೆ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಆಮೇಲೆ ಅವಳ ನಗು ಕಡಿಮೆಯಾಯಿತು. ತಮಾಷೆಯ ಚೀಟಿ ಬಂದರೂ ಸುಮ್ಮನೆ ಮುದ್ರೆ ಒತ್ತಿ ಇಡುತ್ತಿದ್ದಳು. ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಬಂದು ರಾಜೀನಾಮೆ ಹೇಗೆ ಬರೆಯಬೇಕು ಎಂದು ಕೇಳಿದಳು. ಅವಳ ತಂದೆಗೆ ಪಾರ್ಶ್ವವಾಯು ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು, ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಫಾರಂ ಅಕ್ಕ ಎದ್ದು, ಗೋಡೆಯ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.

"ರಾಜೀನಾಮೆ ಬೇಡಮ್ಮ. ನಿನಗೆ ರಜೆ ಇದೆ. ಅದರ ಹೆಸರು ನಿನಗೆ ಗೊತ್ತಿಲ್ಲ, ಅಷ್ಟೇ" ಎಂದಳು. ಗಾಜಿನ ಬಾಗಿಲ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

ಅವತ್ತೇ ಫಾರಂ ತುಂಬಿಸಿದಳು. ವೈದ್ಯರಿಂದ ಏನೇನು ಬರೆಸಿಕೊಂಡು ಬರಬೇಕು, ಯಾವ ದಿನದೊಳಗೆ ತರಬೇಕು ಎಂದು ಪ್ರತ್ಯೇಕ ಚೀಟಿಯಲ್ಲಿ ಬರೆದುಕೊಟ್ಟಳು. ಆ ಹೆಣ್ಣುಮಗಳು ಹೋದ ಮೇಲೆ ಬೀರು ತೆಗೆದು ಮಡಿಸಿಟ್ಟಿದ್ದ ದೊಡ್ಡ ಹಾಳೆಯನ್ನು ಹೊರತೆಗೆದಳು. ಕ್ಯಾಂಟೀನಿನ ಹೊರಗೋಡೆಯ ಫಲಕದಲ್ಲಿ, ಕೈ ತೊಳೆಯಲು ಸಾಲು ನಿಲ್ಲುವವರ ಕಣ್ಣಿಗೆ ಬೀಳುವಂಥ ಜಾಗದಲ್ಲಿ ಅಂಟಿಸಿ ಬಂದಳು.

ಸಾಹೇಬರು ಸಂಜೆ ಅವಳನ್ನು ಕರೆದರು. ಬಾಗಿಲು ತೆರೆದೇ ಇತ್ತು.

"ಮಗಳ ಆಪರೇಷನ್ ಹೊತ್ತಲ್ಲಿ ನಾನು ನಿಮಗೆ ಒಂದು ಮಾತಾದ್ರೂ ಅಂದಿದ್ನಾ?" ಎಂದರು.

"ಇಲ್ಲ ಸಾರ್. ಅವತ್ತು ನನಗೆ ನೀವು ಕೊಟ್ರಿ. ಮೇಷ್ಟ್ರಿಗೆ ನಾವು ಯಾಕೆ ಕೊಡ್ಲಿಲ್ಲ?"

ನನಗೆ ಅವರ ಮುಖ ಕಾಣುತ್ತಿತ್ತು. ಕೋಪ ಇರಲಿಲ್ಲ, ಯಾರೋ ಹತ್ತಿರದವರು ಕೈಕೊಟ್ಟಂಥ ಬೇಸರ ಇತ್ತು. ಒಂದು ತಿಂಗಳೊಳಗೆ ಅವಳನ್ನು ಸಾಮಾನು ಉಗ್ರಾಣಕ್ಕೆ ವರ್ಗ ಮಾಡಿದರು. ಕಿಟಕಿಯ ಪಕ್ಕದ ಮೇಜಿಗೆ ಬೇರೊಬ್ಬರು ಬಂದರು. ಆದರೆ ಜನ ಮಾತ್ರ ಉಗ್ರಾಣಕ್ಕೇ ಹೋಗಿ ಅವಳ ಹತ್ತಿರ ಫಾರಂ ಬರೆಸಿಕೊಂಡು ಬರತೊಡಗಿದರು. ಬೋಲ್ಟು ನಟ್ಟಿನ ಡಬ್ಬಗಳ ನಡುವೆ ಒಂದು ಮುರುಕಲು ಸ್ಟೂಲು ಇಟ್ಟುಕೊಂಡು ಕೂರಿಸಿ ಬರೆಸುತ್ತಿದ್ದಳು.

ಮೇಷ್ಟ್ರ ಮನೆಗೆ ಹೋಗಬೇಕು ಎಂದು ಅವಳು ಹೇಳಿದ್ದು ಆ ದಿನಗಳಲ್ಲೇ. ಭಾನುವಾರ ಹೋಗೋಣ, ನೀನೂ ಬಾ ಎಂದಳು. ನಮ್ಮ ಮನೆಗೆ ನೆಂಟರು ಬರುತ್ತಿದ್ದಾರೆ ಎಂದೆ. ಯಾವ ನೆಂಟರೂ ಬರುವವರಿರಲಿಲ್ಲ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸರಿ ಎಂದಳು. ಎಲ್ಲರ ಚೀಟಿಯ ಹಿಂದಿನ ನಿಜವನ್ನು ಓದಬಲ್ಲವಳಿಗೆ ನನ್ನದು ಓದಲು ಎಷ್ಟು ಹೊತ್ತು?

ಹೋಗಿ ಬಂದ ಮೇಲೆ ಅವಳು ಹೇಳಿದ್ದನ್ನೇ ನಾನು ಇಲ್ಲಿ ಹೇಳುತ್ತಿದ್ದೇನೆ.

ಮೇಷ್ಟ್ರು ಊರ ಹೊರವಲಯದಲ್ಲಿ, ಪಂಪಿನ ಮೋಟಾರು ರಿಪೇರಿ ಮಾಡುವ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿದ್ದರು. ಕೆಳಗಿನ ಅಂಗಡಿಯಲ್ಲೇ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಮೆಟ್ಟಿಲು ಕಡಿದಾಗಿತ್ತು. ಅದನ್ನು ಹತ್ತುವಾಗ, ಡಯಾಲಿಸಿಸ್ ಆದವರನ್ನು ಇಲ್ಲಿ ಹೇಗೆ ಹತ್ತಿಸಿಕೊಂಡು ಹೋಗುತ್ತಿದ್ದರೋ ಎಂದು ಅವಳಿಗೆ ಅನ್ನಿಸಿತಂತೆ. ಕಂಪನಿಯ ಮನೆಗೆ ಮೆಟ್ಟಿಲೇ ಇರಲಿಲ್ಲ.

ಮೇಷ್ಟ್ರು ಅವಳನ್ನು ನೋಡಿ, ಅಚ್ಚರಿಪಟ್ಟರೂ ತೋರಿಸಿಕೊಳ್ಳದೆ, ಕೂತ್ಕೊಳ್ಳಿ ಅಕ್ಕ ಎಂದರು. ಮಗಳು ಚಹಾ ತಂದಿಟ್ಟು ಒಳಗೆ ಹೋಗಿ ಪುಸ್ತಕ ಹಿಡಿದಳು. ಗೋಡೆಯ ಮೇಲೆ ಹೆಂಡತಿಯ ಫೋಟೋ ಇತ್ತು. ಅದರ ಕಡೆ ನೋಡಲಾಗದೆ ಅವಳು ನೆಲ ನೋಡಿಕೊಂಡೇ ಎಲ್ಲವನ್ನೂ ಹೇಳಿದಳು. ನಿಯಮ ಇತ್ತು, ತನಗೆ ಗೊತ್ತಿತ್ತು, ಅವರು ಬಂದು ದಾರಿ ಕೇಳಿದ ದಿನವೂ ಅದು ತನ್ನ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಲಿಲ್ಲ. ಸಾಹೇಬರು ಹೇಳಬೇಡ ಎಂದಿದ್ದರು ಎನ್ನುವುದನ್ನು ಮಾತ್ರ ಬೇಕೆಂದೇ ಬಿಟ್ಟಳು. ಅದನ್ನು ಹೇಳಿದರೆ ಅರ್ಧ ಭಾರ ಬೇರೆಯವರ ಹೆಗಲಿಗೆ ಹೊರಿಸಿದ ಹಾಗಾಗುತ್ತದೆ ಎಂದುಕೊಂಡಳು.

ಕೆಳಗೆ ಯಾರೋ ಮೋಟಾರು ಓಡಿಸಿ ನೋಡುತ್ತಿದ್ದರು. ಅದು ನಿಂತ ಮೇಲೆ ಮೇಷ್ಟ್ರು ಮಾತು ತೆಗೆದರು.

"ಕೆಲಸ ಹೋಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಅಕ್ಕ. ಕೈಲಿ ಕಸುಬಿದೆ, ಹೇಗೋ ನಡೀತಿದೆ. ಹನ್ನೊಂದು ತಿಂಗಳು ಅವಳ ಜೊತೇಲೇ ಇದ್ದೆ, ಅದೂ ಸಿಕ್ತು. ಆದ್ರೆ ಅವಳು ಸಾಯೋವರೆಗೂ ಒಂದೇ ಮಾತು ಹೇಳ್ತಿದ್ಲು, ನನ್ನಿಂದ ನಿಮ್ಮ ಕೆಲಸ ಹೋಯ್ತು, ನನ್ನಿಂದ ಮನೆ ಹೋಯ್ತು ಅಂತ. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಮನೆ ಖಾಲಿ ಮಾಡೋ ದಿನ ಅವಳೇ ಪಾತ್ರೆ ಕಟ್ಟೋಕೆ ಕೂತ್ಲು, ಆಗ್ತಿರ್ಲಿಲ್ಲ ಅವಳ ಕೈಲಿ."

ಚಹಾದ ಲೋಟ ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು. "ನನಗೆ ಗೊತ್ತಿದ್ದಿದ್ರೆ ಅವಳಿಗೆ ಒಂದು ಮಾತು ಹೇಳ್ಬಹುದಿತ್ತು. ಕೆಲಸ ಎಲ್ಲೂ ಹೋಗಿಲ್ಲ ಕಣೆ, ರಜೇಲಿದೀನಿ ಅಂತ. ಅಷ್ಟೇ. ಅಷ್ಟು ಹೇಳಿದ್ರೆ ಸಾಕಾಗಿತ್ತು ಅವಳಿಗೆ."

ಅವಳು ಕ್ಷಮೆ ಕೇಳಿದಳು. ಅವರು ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ. ಮೆಟ್ಟಿಲ ತನಕ ಬಂದು, ಹುಷಾರಾಗಿ ಇಳೀರಿ ಎಂದರು.

ಮರುದಿನವೇ ಅವಳು ಮುಖ್ಯ ಕಚೇರಿಗೆ ಕಾಗದ ಬರೆದಳು. ತಾನು ಹೇಗೆ ವಿಷಯ ಮುಚ್ಚಿಟ್ಟೆ, ಅದರಿಂದ ಒಬ್ಬ ಒಳ್ಳೆಯ ಕೆಲಸಗಾರ ಹೇಗೆ ಕೆಲಸ ಬಿಡಬೇಕಾಯಿತು, ಅವರನ್ನು ಮತ್ತೆ ಸೇರಿಸಿಕೊಳ್ಳಬೇಕು ಎಂದು ನಾಲ್ಕು ಪುಟ. ಇಡೀ ಜೀವಮಾನ ಬೇರೆಯವರ ಕಷ್ಟವನ್ನು ನಾಲ್ಕು ಸಾಲಿನಲ್ಲಿ ಬರೆದವಳು ತನ್ನ ತಪ್ಪಿಗೆ ನಾಲ್ಕು ಪುಟ ತೆಗೆದುಕೊಂಡಳು. ಇದರಿಂದ ಕೆಲಸಕ್ಕೇ ಕುತ್ತು ಬರಬಹುದು ಎಂದು ನಾನು ಹೆದರಿಸಿದೆ. ಬರಲಿ ಎಂದಳು. ಇದಕ್ಕೆ ಸಾಕ್ಷಿಯಾಗಿ ನೀನೂ ಸಹಿ ಹಾಕುತ್ತೀಯಾ ಎಂದು ಕೇಳಿದಳು. ನನ್ನ ಗಂಡನಿಗೆ ಆಗ ಕೆಲಸ ಇರಲಿಲ್ಲ, ಮನೆ ನಡೆಯುತ್ತಿದ್ದುದು ನನ್ನೊಬ್ಬಳಿಂದ. ಅದನ್ನೇ ಹೇಳಿದೆ. ಅದು ಸುಳ್ಳಲ್ಲ. ಅವಳು ಮೇಷ್ಟ್ರಿಗೆ ಹೇಳಿದ್ದೂ ಸುಳ್ಳಾಗಿರಲಿಲ್ಲ. ಅವಳ ಕಥೆಯನ್ನು ನಾನು ಹೇಳಬಾರದು ಎಂದು ಮೊದಲಲ್ಲಿ ಅಂದದ್ದು ಇದಕ್ಕೇ.

ಏಳು ತಿಂಗಳ ಮೇಲೆ ಉತ್ತರ ಬಂತು. ಸದರಿ ನೌಕರರು 'ಸ್ವಂತ ಇಚ್ಛೆಯಿಂದ' ರಾಜೀನಾಮೆ ಕೊಟ್ಟಿರುವುದು ಅವರ ಪತ್ರದಿಂದಲೇ ಸ್ಪಷ್ಟವಾಗಿರುವುದರಿಂದ ವಿಷಯವನ್ನು ಮತ್ತೆ ತೆರೆಯಲು ಬರುವುದಿಲ್ಲ. ಅದರ ಜೊತೆಗೇ ಅವಳಿಗೆ ಎಚ್ಚರಿಕೆಯ ಪತ್ರ, ಎರಡು ವರ್ಷ ಬಡ್ತಿಗೆ ತಡೆ. ಇನ್ನೊಂದು ಆದೇಶವೂ ಬಂತು: ಮನೆಯಲ್ಲಿ ಕಾಯಿಲೆ ಎಂದು ಯಾರೇ ಚೀಟಿ ಕೊಟ್ಟರೂ ಐದು ದಿನದೊಳಗೆ ಕಚೇರಿಯೇ ಅವರನ್ನು ಕರೆದು ಈ ರಜೆಯ ವಿಷಯ ತಿಳಿಸಬೇಕು, ತಿಳಿಸಿದ್ದಕ್ಕೆ ಅವರ ಸಹಿ ಪಡೆಯಬೇಕು. ಸಾಹೇಬರು ಆ ಆದೇಶವನ್ನು ತಾವೇ ಫಲಕದಲ್ಲಿ ಹಾಕಿಸಿದರು. ಮರುವರ್ಷ ನಿವೃತ್ತರಾದರು.

ನಾನು ಆದೇಶದ ಪ್ರತಿ ಹಿಡಿದುಕೊಂಡು ಉಗ್ರಾಣಕ್ಕೆ ಓಡಿದೆ, ಖುಷಿಪಡುತ್ತಾಳೆ ಎಂದುಕೊಂಡು. ಅವಳು ಓದಿದ್ದು ಮೊದಲ ಕಾಗದವನ್ನು ಮಾತ್ರ. ಆ ಎರಡು ಪದದ ಹತ್ತಿರ ಬಂದು ನಿಂತಳು.

"ಇದನ್ನ ಬರೆಸಿದ್ದು ನಾನು" ಎಂದಳು. ಅಂದು ಅವಳು ಮನೆಗೆ ಬೇಗ ಹೋದಳು. ಅರ್ಧ ದಿನದ ರಜೆ ಚೀಟಿಯನ್ನು ನಾನೇ ಬರೆದು ಇಟ್ಟೆ. ಕಾರಣ ಎಂಬಲ್ಲಿ ಏನು ಬರೆಯಬೇಕೋ ತಿಳಿಯದೆ ತಲೆನೋವು ಎಂದು ಬರೆದೆ.

ಮೇಷ್ಟ್ರಿಗೆ ಆ ಉತ್ತರದ ಪ್ರತಿಯನ್ನು ಅವಳು ಅಂಚೆಯಲ್ಲಿ ಕಳಿಸಿದಳು. ಅವರಿಂದ ಏನೂ ಬರಲಿಲ್ಲ. ಅವರ ಮಗಳು ನರ್ಸಿಂಗ್ ಓದಿ, ತಾಯಿ ಹೋಗುತ್ತಿದ್ದ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು ಎಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಆಗಲೂ ಫಾರಂ ಅಕ್ಕ ಹೋಗಿ ನೋಡಲಿಲ್ಲ. ಹೋದರೆ ತನ್ನ ಸಮಾಧಾನಕ್ಕೆ ಹೋದ ಹಾಗಾಗುತ್ತದೆ, ಅವರಿಗೇನು ಬಂತು ಎಂದಳು.

ಅವಳು ನಿವೃತ್ತಳಾದ ದಿನ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ಯಾಕಿಂಗ್ ವಿಭಾಗದ ಆ ಹೆಣ್ಣುಮಗಳು ಮೈಕಿನ ಮುಂದೆ ನಿಂತು, ನಮ್ಮಪ್ಪನ ಕೊನೆಯ ಹತ್ತು ವಾರ ನನಗೆ ಸಿಕ್ಕಿದ್ದು ಅಕ್ಕನಿಂದ ಎಂದು ಹೇಳಲಾಗದೆ ಹೇಳಿ ಅತ್ತಳು. ಅಜ್ಜಿಯರ ಮೊಮ್ಮಗ ಎದ್ದು ನಿಂತು, ಇನ್ನು ಮೇಲೆ ನಮ್ಮ ಅಜ್ಜಿಯರು ಧೈರ್ಯವಾಗಿ ಬದುಕಬಹುದು ಎಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಮಾತಾಡಿ ಎಂದು ಒತ್ತಾಯ ಮಾಡಿದಾಗ ಎದ್ದು ಕೈಮುಗಿದು ಕೂತುಬಿಟ್ಟಳು.

ಈಗ ಅವಳು ಮಗಳ ಮನೆಯಲ್ಲಿದ್ದಾಳೆ. ಮಂಡಿನೋವು ಬಿಟ್ಟರೆ ಆರೋಗ್ಯ ಚೆನ್ನಾಗಿದೆ. ಬೇರೆ ಬೇರೆ ಕಾರ್ಖಾನೆಯವರೂ ಅವರಿವರು ಹೇಳಿದ್ದನ್ನು ಕೇಳಿ ಕಾಗದ ಹಿಡಿದುಕೊಂಡು ಬರುತ್ತಾರೆ. ಮೊದಲ ದಿನವೇ ಕಾರಣ ಬರೆದುಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ರಾಜೀನಾಮೆ ಮಾತ್ರ ಅವಸರಪಟ್ಟು ಬರೆಯಬೇಡಿ ಎಂದು ಎಲ್ಲರಿಗೂ ಹೇಳುತ್ತಾಳೆ. ಕಳೆದ ತಿಂಗಳು ನಾನು ಹೋದಾಗಲೂ ಒಬ್ಬರು ಬರೆಸಿಕೊಂಡು ಹೋಗುತ್ತಿದ್ದರು. ಅವರು ಹೋದ ಮೇಲೆ, ಇಷ್ಟು ಜನಕ್ಕೆ ಒಳ್ಳೆಯದು ಮಾಡಿದ್ದೀಯಲ್ಲ, ಆ ಹಳೆಯದನ್ನು ಇನ್ನಾದರೂ ಬಿಡಬಾರದೇ ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

"ಇದು ಬೇರೆ, ಅದು ಬೇರೆ ಕಣೆ. ಇವರಿಗೆಲ್ಲ ಹೇಳಿದ್ರೆ ಮೇಷ್ಟ್ರ ಹೆಂಡತಿಗೆ ಹೇಳಿದ ಹಾಗಾಗುತ್ತಾ?"

ಮೇಷ್ಟ್ರ ಅಂಗಡಿ ನನ್ನ ಮನೆಯಿಂದ ಎರಡೇ ಬಸ್ ಸ್ಟಾಪು ದೂರ. ಅಲ್ಲಿಗೆ ಹೋಗಬೇಕು, ಗೈರುಹಾಜರಿ ಹಾಕಿದವಳು ನಾನು ಎಂದು ಹೇಳಬೇಕು ಎಂದು ಆ ಸಂಜೆ ಹಿಂತಿರುಗುವಾಗ ಅಂದುಕೊಂಡೆ. ಇನ್ನೂ ಹೋಗಿಲ್ಲ.